ಗೋಡೆಯ ಈಚೆ ನಾನಿದ್ದೆ

ನನ್ನ ತಮ್ಮನ ಹೆಂಡತಿ ಸವಿತ ಹೊಗೆಸೊಪ್ಪಿನ ಬ್ಯಾರನ್ನಿನ ಪಕ್ಕದ ಕೋಣೆಯಲ್ಲಿ ಒಬ್ಬಳೇ ಹೆತ್ತ ದಿನ ನಾನು ಅಲ್ಲಿರಲಿಲ್ಲ ಎಂದು ಒಂಬತ್ತು ವರ್ಷ ಹೇಳಿಕೊಂಡು ಬಂದೆ. ಅದು ಸುಳ್ಳು. ನಾನು ಅಲ್ಲೇ ಇದ್ದೆ. ಅವಳಿಗೂ ನನಗೂ ನಡುವೆ ಒಂದು ಇಟ್ಟಿಗೆ ಗೋಡೆ ಇತ್ತು — ನಾನೇ ಮುಂದೆ ನಿಂತು ಕಟ್ಟಿಸಿದ್ದು. ಅವಳು ಕರೆದದ್ದು ಕೇಳಿಸಿತು. ಮಗು ಅತ್ತದ್ದೂ ಕೇಳಿಸಿತು. ನಾನು ಓಗೊಡಲಿಲ್ಲ.

ನಡೆದದ್ದನ್ನು ನಡೆದ ಹಾಗೆ, ಗಂಟೆ ಸಮೇತ ಬರೆಯುತ್ತೇನೆ. ಗಂಟೆಗಳು ನನಗೆ ಮರೆತಿಲ್ಲ. ಬ್ಯಾರನ್ನಿಗೆ ಬೆಂಕಿ ಹಾಕುವವನು ಮತ್ತೆ ಮತ್ತೆ ಗಂಟೆ ನೋಡುತ್ತಾನೆ, ಗಾಜಿನ ಕಿಂಡಿಗೆ ಬಗ್ಗಿ ಒಳಗಿನ ಶಾಖ ಎಷ್ಟು ಡಿಗ್ರಿ ಎಂದು ನೋಡುತ್ತಾನೆ, ಎರಡನ್ನೂ ತಲೆಯಲ್ಲಿ ಇಟ್ಟುಕೊಳ್ಳುತ್ತಾನೆ. ಆ ಅಭ್ಯಾಸ ಆ ದಿನ ಕೂಡ ನನ್ನನ್ನು ಬಿಡಲಿಲ್ಲ. ಅದನ್ನು ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

ನಮ್ಮೂರು ಹೆಗ್ಗಡದೇವನಕೋಟೆ ತಾಲ್ಲೂಕಿನದು, ಕಾಡಿನ ಕಡೆಗೆ. ಜಮೀನು ಊರಿಂದ ಇನ್ನೂ ಒಂದೂವರೆ ಮೈಲಿ ಆಚೆ. ಹಳ್ಳ ದಾಟಬೇಕು, ದಾಟಿದ ಮೇಲೆ ಆನೆ ಕಂದಕದ ಅಂಚಿನವರೆಗೂ ನಮ್ಮದು. ಅಲ್ಲಿ ಫೋನ್ ಸಿಗುವುದಿಲ್ಲ. ಕಟ್ಟೆಯ ಏರಿ ಮೇಲೆ ಹೋಗಿ ನಿಂತರೆ ಸಿಗುತ್ತದೆ, ಹತ್ತು ನಿಮಿಷದ ನಡಿಗೆ. ಬ್ಯಾರನ್ ಎಂದರೆ ಹೊಗೆಸೊಪ್ಪು ಹದ ಮಾಡುವ ಎತ್ತರದ ಕೋಣೆ. ಕಡ್ಡಿಗಳಿಗೆ ಸೊಪ್ಪು ಕಟ್ಟಿ ಒಳಗೆ ನೇತುಹಾಕಿ, ಬಾಗಿಲು ಮುಚ್ಚಿ, ಹೊರಗಿನ ಒಲೆಯಿಂದ ಐದಾರು ದಿನ ಬಿಡದೆ ಶಾಖ ಕೊಡಬೇಕು. ಮೊದಲು ಸೊಪ್ಪು ಹಳದಿಯಾಗುತ್ತದೆ. ಆಮೇಲೆ ಆ ಬಣ್ಣ ನಿಲ್ಲಬೇಕು. ಬಣ್ಣ ನಿಲ್ಲುವ ದಿನ ಶಾಖ ಇಳಿದರೆ ಸೊಪ್ಪೆಲ್ಲ ಕಂದಿಹೋಗುತ್ತದೆ. ನಮ್ಮ ಒಲೆ ಬ್ಯಾರನ್ನಿನ ಹಿಂದುಗಡೆ. ಎಡಕ್ಕೆ ಅಂಟಿಕೊಂಡಂತೆ ಶೀಟು ಹೊದಿಸಿದ ಒಂದು ಕೋಣೆ, ಸೊಪ್ಪು ಕಟ್ಟುವುದಕ್ಕೆ. ಅದರ ಬಾಗಿಲು ಮುಂದಕ್ಕೆ, ದಾರಿಯ ಕಡೆಗೆ. ಒಲೆಯ ಹತ್ತಿರ ನಿಂತವನಿಗೂ ಕೋಣೆಯಲ್ಲಿ ಇರುವವರಿಗೂ ಒಬ್ಬರಿಗೊಬ್ಬರು ಕಾಣುವುದಿಲ್ಲ. ಆದರೆ ಕೋಣೆಯ ಹಿಂಗೋಡೆಯ ಮೇಲ್ಗಡೆ ಗಾಳಿಗೆಂದು ಒಂದು ಸಾಲು ಇಟ್ಟಿಗೆ ಬಿಟ್ಟಿದ್ದೇವೆ. ಮಾತು ಕೇಳಿಸುತ್ತದೆ. ಉಸಿರು ಕೂಡ.

ಇನ್ನೊಂದು ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಭಾವನ ಎದುರಿಗೆ ನಿಲ್ಲುವುದಿಲ್ಲ. ಭಾವನೊಂದಿಗೆ ನೇರವಾಗಿ ಮಾತಾಡುವುದಿಲ್ಲ. ಮುಟ್ಟುವುದಂತೂ ದೂರದ ಮಾತು. ಹೊರಗೆ ಎಷ್ಟೋ ಮನೆಗಳಲ್ಲಿ ಇದು ಬಿಟ್ಟುಹೋಗಿದೆ. ನಮ್ಮಲ್ಲಿ ಅವ್ವ ಬಿಡಗೊಡಲಿಲ್ಲ. ಸವಿತ ನಮ್ಮ ಮನೆಗೆ ಬಂದು ಆಗ ಎರಡು ವರ್ಷ. ಎರಡು ವರ್ಷದಲ್ಲಿ ನಾವಿಬ್ಬರೂ ಮಾತಾಡುತ್ತಿದ್ದದ್ದು ಮನೆಯ ನಾಯಿಯ ಜೊತೆ. ತಟ್ಟೆ ಇಟ್ಟು ಬಾಗಿಲ ಹಿಂದೆ ಸರಿದು ಅವಳು, "ಕರಿಯ, ಊಟ ಆರೋಯ್ತದೆ ಅಂತ ಏಳೋ ನಿಮ್ಮ ಯಜಮಾನ್ರಿಗೆ" ಎನ್ನುವಳು. ನಾನು ತುತ್ತು ಬಾಯಿಗಿಟ್ಟು, "ಕರಿಯ, ಸಾರಿಗೆ ಉಪ್ಪು ಮುಂದಾಗದೆ ಕಣ್ಲಾ" ಎನ್ನುವೆ. ಅವ್ವ ನಗುವಳು. "ಈ ನಾಯಿ ಸತ್ರೆ ನಿಮ್ಮಿಬ್ಬರ್ಗೂ ಬಾಯೇ ಬಿದ್ದೋಯ್ತದೆ."

ಆ ದಿನ ಬ್ಯಾರನ್ ಬಣ್ಣ ನಿಲ್ಲುವ ಹದದಲ್ಲಿತ್ತು. ತಮ್ಮ ಮಾದೇವ ಹಿಂದಿನ ಸಲದ ಸೊಪ್ಪನ್ನು ಹರಾಜಿಗೆ ಹಾಕಲು ಹುಣಸೂರಿಗೆ ಹೋಗಿದ್ದ. ನನಗೆ ಊಟ ತರುತ್ತಿದ್ದವಳು ಅವ್ವ — ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಆ ವಾರ ಅವ್ವನ ಮಂಡಿ ಊದಿಕೊಂಡಿತ್ತು. ಸವಿತನಿಗೆ ಎಂಟನೆಯ ತಿಂಗಳು. ಹೆರಿಗೆಗೆ ಇನ್ನೂ ದಿನ ಇದೆ, ನಡೆದಾಡಿದರೆ ಸಲೀಸು ಎಂದು ಅವ್ವ ಅವಳ ಕೈಯಲ್ಲೇ ಬುತ್ತಿ ಕಳಿಸಿದಳು. ಅದರಲ್ಲಿ ಅವ್ವನ ತಪ್ಪು ಹುಡುಕುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ.

ಬೆಳಿಗ್ಗೆ ಪಕ್ಕದ ಹೊಲದ ಪುಟ್ಟಸ್ವಾಮಿ ಬೀಡಿಗೆ ಬೆಂಕಿ ಬೇಕು ಅಂತ ಒಲೆಯ ಹತ್ತಿರ ಬಂದಿದ್ದ.

"ಏನ್ ಸಿದ್ದಣ್ಣ, ಇವತ್ತು ಬುತ್ತಿ ಯಾರ್ ತತ್ತಾರೆ?"

"ಅವ್ವಂಗೆ ಮಂಡಿ ನೋವು. ಮಾದೇವನ ಹೆಂಡ್ತಿ ತರ್ಬೋದು."

"ಓ, ಅದ್ಕೇನಾ ಮೊಖ ಕೆರ್ಕಂಡು ಕೂತಿರೋದು."

ಅವನು ನಕ್ಕ. ನಾನೂ ನಕ್ಕೆ. ಆ ಮಾತಿಗೆ ಬೈಯಬೇಕಿತ್ತು, ನಕ್ಕೆ. ಅವನು ತನ್ನ ದಾರಿ ಹಿಡಿದು ಕೋಟೆ ಪೇಟೆಗೆ ಹೋದ. ಮಾತು ಮಾತ್ರ ಒಲೆಯ ಹತ್ತಿರವೇ ಉಳಿಯಿತು. ಹೆಂಡತಿ ಸತ್ತವನಿಗೆ ಇಂಥ ಮಾತು ಬೇಗ ಅಂಟಿಕೊಳ್ಳುತ್ತದೆ. ನಾನು ಗಲ್ಲ ಮುಟ್ಟಿ ನೋಡಿಕೊಂಡೆ — ನಿಜವಾಗಿ ಆ ದಿನ ಬೆಳಿಗ್ಗೆ ಗಡ್ಡ ಕೆರೆದುಕೊಂಡಿದ್ದೆ.

ಒಂದು ಗಂಟೆಯ ಸುಮಾರಿಗೆ ಸವಿತ ಬಂದಳು. ಬಳೆ ಸದ್ದಿನಿಂದ ಗೊತ್ತಾಯಿತು. ನಾಯಿ ಊರಿನಲ್ಲೇ ಉಳಿದಿತ್ತು. ಹಾಗಾಗಿ ಅವಳು ಏನೂ ಅನ್ನಲಿಲ್ಲ. ಬುತ್ತಿಯನ್ನು ಕೋಣೆಯಲ್ಲಿ ಇಟ್ಟು ಹೊರಟುಹೋಗಲಿ, ಆಮೇಲೆ ತಿನ್ನೋಣ ಎಂದು ಒಲೆಯ ಹತ್ತಿರವೇ ಕಾದೆ. ಹದಿನೈದು ನಿಮಿಷ ಆಯಿತು. ಹೋಗುವ ಸದ್ದು ಕೇಳಲಿಲ್ಲ. ಒಂದು ಇಪ್ಪತ್ತಕ್ಕೆ ಗೋಡೆಯ ಮೂಲೆ ಸುತ್ತಿ ಬಂದು ಬಾಗಿಲಲ್ಲಿ ಇಣುಕಿದೆ.

ಬುತ್ತಿ ಉರುಳಿತ್ತು. ಅವಳು ಗೋಣಿತಟ್ಟಿನ ಮೇಲೆ ಗೋಡೆ ಕಡೆಗೆ ಮುಖ ಮಾಡಿ ಮೊಣಕಾಲೂರಿ ಕೂತಿದ್ದಳು. ಸೀರೆ ಮೇಲಕ್ಕೆ ಸರಿದಿತ್ತು. ನೆಲ ಒದ್ದೆಯಾಗಿತ್ತು. ಇಷ್ಟನ್ನು ನೋಡಿದೆ. ಮುಖ ತಿರುಗಿಸಿದೆ. ಕಾಲು ಬಂದ ದಾರಿಯಲ್ಲೇ ವಾಪಸ್ಸು ಹೋಯಿತು. ಅವಳು ನನ್ನನ್ನು ನೋಡಲಿಲ್ಲ — ನೋಡಿರಲಿಕ್ಕಿಲ್ಲ ಎಂದು ಅಂದುಕೊಂಡೆ.

ಒಲೆಯ ಹತ್ತಿರ ಬಂದು ನಿಂತ ಮೇಲೆ ಕರೆದಳು.

"ಭಾವ... ಅಲ್ಲಿದೀರಾ?"

ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಆ ಮಾತು ನೇರವಾಗಿ ನನಗೇ ಬಂತು, ನಡುವೆ ನಾಯಿ ಇರಲಿಲ್ಲ. ಬಾಯಿ ತೆರೆದೆ, ತೆರೆದದ್ದು ನೆನಪಿದೆ. ಆದರೆ ಈಗಷ್ಟೇ ನೋಡಿದ್ದು ಕಣ್ಣಲ್ಲಿ ಇತ್ತು. ಓಗೊಟ್ಟರೆ ನೋಡಿದೆ ಎಂದು ಒಪ್ಪಿಕೊಂಡ ಹಾಗೆ. ಸುಮ್ಮನಾದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ —

"ಭಾವ, ಯಾರ್ನಾರ ಕರೀರಿ. ನಂಗೆ ಆಗ್ತಿಲ್ಲ."

ಇಲ್ಲಿ ನಿಧಾನವಾಗಿ ಬರೆಯಬೇಕು. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡ ಕಾರಣ ಒಂದೇ — ಸಂಪ್ರದಾಯ. ಗಂಡಸು ಹೆರಿಗೆಯ ಜಾಗಕ್ಕೆ ಹೋಗುವ ಹಾಗಿಲ್ಲ, ಅದರಲ್ಲೂ ಭಾವ. ಅದು ನಿಜ. ಆದರೆ ಅಷ್ಟೇ ಅಲ್ಲ. ಮೊದಲನೆಯ ಸಲ ಓಗೊಡಲಿಲ್ಲ. ಎರಡನೆಯ ಸಲ ಓಗೊಟ್ಟರೆ ಮೊದಲನೆಯ ಸಲ ಯಾಕೆ ಸುಮ್ಮನಿದ್ದೆ ಎಂದು ಹೇಳಬೇಕಾಗುತ್ತಿತ್ತು. ಏರಿಯ ಮೇಲೆ ಹೋಗಿ ಫೋನ್ ಮಾಡಬಹುದಿತ್ತು. ಆದರೆ ಏರಿಗೆ ಹೋಗುವ ದಾರಿ ಆ ಕೋಣೆಯ ಬಾಗಿಲ ಮುಂದೆಯೇ. ಅವಳು ನೋಡಿಬಿಡುತ್ತಾಳೆ, ಇಷ್ಟು ಹೊತ್ತು ಇಲ್ಲೇ ಇದ್ದದ್ದು ಗೊತ್ತಾಗಿಬಿಡುತ್ತದೆ. ಕಂದಕದ ಕಡೆಯಿಂದ ಸುತ್ತಿ ಹೋಗಬಹುದಿತ್ತು. ಅದಕ್ಕೆ ಅರ್ಧ ಗಂಟೆ ಬೇಕು. ಅರ್ಧ ಗಂಟೆ ಒಲೆ ಬಿಟ್ಟರೆ —

ಹೌದು. ಅದನ್ನೂ ಯೋಚಿಸಿದೆ. ಕಿಂಡಿಯಲ್ಲಿ ಬಗ್ಗಿ ನೋಡಿದೆ. ನೂರ ಹದಿನೆಂಟು ಡಿಗ್ರಿ ಇತ್ತು. ಗೋಡೆಯ ಆಚೆ ಒಂದು ಹೆಣ್ಣು ಹಲ್ಲು ಕಚ್ಚಿ ನರಳುತ್ತಿರುವಾಗ ನಾನು ಶಾಖ ನೋಡಿದೆ, ಒಲೆಯ ಕಬ್ಬಿಣದ ಬಾಗಿಲು ತೆಗೆದು ಎರಡು ಕೊರಡು ಹಾಕಿದೆ, ಬಾಗಿಲು ಮುಚ್ಚಿದೆ. ಅರ್ಧ ಗಂಟೆ ಕಳೆದು ಮತ್ತೆ ಹಾಕಿದೆ. ಕೈ ತಾನಾಗಿ ಮಾಡಿತು ಎನ್ನಬಹುದು. ಕೈ ತಾನಾಗಿ ಏನನ್ನೂ ಮಾಡುವುದಿಲ್ಲ.

ಮೂರನೆಯ ಸಲ ಅವಳು ಭಾವ ಎನ್ನಲಿಲ್ಲ. "ಯಾರಾದ್ರೂ ಇದೀರಾ?" ಎಂದಳು. ಆಮೇಲೆ ಕರೆಯುವುದನ್ನು ನಿಲ್ಲಿಸಿದಳು.

ಅಲ್ಲಿಂದ ಮುಂದೆ ಅವಳು ತನ್ನ ಜೊತೆ ತಾನೇ ಮಾತಾಡಿಕೊಂಡಳು. ಇಪ್ಪತ್ತೆರಡು ವರ್ಷದ ಹುಡುಗಿ. ಹೆರಿಗೆ ನೋಡಿದವಳಲ್ಲ, ಹಸು ಈಯುವುದನ್ನು ನೋಡಿದ್ದಳು ಅಷ್ಟೇ. "ತಡಿ, ತಡಿ... ಉಸ್ರು ತಗೋ... ಈಗ ಮುಕ್ಕು" ಎಂದು ಬೇರೆ ಯಾರಿಗೋ ಹೇಳಿಕೊಡುವವರ ಹಾಗೆ ಹೇಳಿಕೊಳ್ಳುತ್ತಿದ್ದಳು. ನಡುವೆ ಒಮ್ಮೆ ಅವರ ಅವ್ವನನ್ನು ಕರೆದಳು. ಅವರವ್ವ ಪಿರಿಯಾಪಟ್ಟಣದ ಆಚೆ ಇರುವವಳು. ನಾನು ಎರಡೂ ಕೈಯನ್ನು ಗೋಡೆಗೆ ಊರಿ ನಿಂತಿದ್ದೆ. ಬ್ಯಾರನ್ನಿನ ಗೋಡೆ ಬೆಚ್ಚಗಿರುತ್ತದೆ. ಹೊರಗೆ ಜಿನುಗುಮಳೆ ಶುರುವಾಗಿತ್ತು, ಬೆನ್ನು ನೆನೆಯುತ್ತಿತ್ತು, ಅಂಗೈ ಬೆಚ್ಚಗಿತ್ತು.

ಎರಡು ಮೂವತ್ತೈದಕ್ಕೆ ಮಗು ಅತ್ತಿತು.

ಹೇಗೆ ಅತ್ತಿತು ಎಂದು ಬರೆಯಬೇಕು, ಯಾಕೆಂದರೆ ಮುಂದೆ ಎಲ್ಲವೂ ಅದರ ಮೇಲೇ ನಿಂತಿದೆ. ಮೊದಲನೆಯದು ಅಳು ಹೌದೋ ಅಲ್ಲವೋ ಎನ್ನುವಷ್ಟು ಸಣ್ಣದು, ಬೆಕ್ಕಿನ ಮರಿ ಸೀನಿದ ಹಾಗೆ. ಎರಡನೆಯದು ಅಳುವೇ, ಅದರಲ್ಲಿ ಅನುಮಾನವಿಲ್ಲ. ಸವಿತ ಕೂಡಲೇ "ಇಲ್ಲೇ ಇವ್ನಿ, ಇಲ್ಲೇ ಇವ್ನಿ ಮಗ" ಎಂದಳು. ನಡುವೆ ಒಂದಷ್ಟು ಹೊತ್ತು ಬರೀ ಸದ್ದು — ದಾರದ ಉಂಡೆ ಉರುಳಿದ್ದು, ಕುಡುಗೋಲು ನೆಲಕ್ಕೆ ತಾಗಿದ್ದು. ಸೊಪ್ಪು ಕಟ್ಟುವ ದಾರದಲ್ಲೇ ಹೊಕ್ಕುಳ ಬಳ್ಳಿ ಕಟ್ಟಿದ್ದಳು. ಅದನ್ನು ನಾನು ಆಮೇಲೆ ಆಸ್ಪತ್ರೆಯಲ್ಲಿ ನೋಡಿದೆ, ಎರಡು ಕಡೆ ಗಂಟು, ನಾವು ಕಡ್ಡಿಗೆ ಹಾಕುವ ಗಂಟೇ. ಮೂರನೆಯ ಸಲ ಅತ್ತದ್ದು ಮೂರು ಗಂಟೆಗೆ ಸ್ವಲ್ಪ ಮುಂಚೆ. ಅದು ಉದ್ದನೆಯ ಅಳು. ನನಗೆ — ಇದನ್ನು ಹೇಗೆ ಹೇಳುವುದು — ಸಂತೋಷವಾಯಿತು. ಸದ್ಯ, ಎಲ್ಲ ಆಯಿತು, ಇನ್ನು ನಾನು ಏನೂ ಮಾಡಬೇಕಿಲ್ಲ ಎಂದು.

ಮೂರೂ ಹತ್ತಕ್ಕೆ ಅವಳು ಕೋಣೆಯಿಂದ ಹೊರಗೆ ಬಂದಳು. ನಾನು ಸೌದೆ ಒಟ್ಟಿಲಿನ ಹಿಂದೆ ಸರಿದೆ. ಮಗುವನ್ನು ಸೆರಗಿನಲ್ಲಿ ಸುತ್ತಿ, ಮೇಲೆ ಗೋಣಿತಟ್ಟು ಹೊದಿಸಿ, ಇನ್ನೊಂದು ಕೈಯಲ್ಲಿ ಸೀರೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತಾ ಹಳ್ಳದ ಕಡೆಗೆ ನಡೆದಳು. ಬಾಗಿಲಿಂದ ಬೇವಿನ ಮರದವರೆಗೆ ಹೋಗುವುದರಲ್ಲಿ ಎರಡು ಸಲ ನಿಂತಳು. ನಾನು ನೋಡುತ್ತಿದ್ದೆ. ಆಗಲಾದರೂ ಓಡಿ ಹೋಗಿ — ಹೋಗಲಿಲ್ಲ. ಹಳ್ಳದ ಆಚೆ ರಸ್ತೆಯಲ್ಲಿ ಒಂದು ಲಗೇಜ್ ಆಟೋ ಅವಳನ್ನು ಹತ್ತಿಸಿಕೊಂಡಿತು ಎಂದು ಆಮೇಲೆ ತಿಳಿಯಿತು.

ಅವಳು ಕಣ್ಮರೆಯಾದ ಮೇಲೆ ಕೋಣೆಯೊಳಕ್ಕೆ ಹೋದೆ. ಉರುಳಿದ ಬುತ್ತಿಯನ್ನು ಎತ್ತಿಟ್ಟೆ. ನೆಲ ತೊಳೆದೆ. ಯಾಕೆ ತೊಳೆದೆ? ಮೈಲಿಗೆ ಎಂದು ಆಗ ಅಂದುಕೊಂಡೆ. ಈಗ ನೋಡಿದರೆ, ಕಳ್ಳನೂ ಹೋಗುವಾಗ ಹೆಜ್ಜೆ ಗುರುತು ಒರೆಸುತ್ತಾನೆ.

ಐದು ಗಂಟೆಗೆ ಊರಿಂದ ಒಬ್ಬ ಬೈಕಿನಲ್ಲಿ ಬಂದು ವಿಷಯ ಹೇಳಿ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಅಷ್ಟರಲ್ಲಿ ಮಗು ಇಲ್ಲವಾಗಿತ್ತು. ಆಟೋ ಆಸ್ಪತ್ರೆ ಮುಟ್ಟುವಾಗಲೇ ಉಸಿರಿರಲಿಲ್ಲವಂತೆ. ಗಂಡು. ಅವ್ವ ಬೆಂಚಿನ ಮೇಲೆ ಕೂತಿದ್ದಳು. ನರ್ಸಮ್ಮ ಸವಿತನ ಹಾಸಿಗೆಯ ಹತ್ತಿರ ನಿಂತು ಬರೆದುಕೊಳ್ಳುತ್ತಿದ್ದಳು. ನಾನು ಬಾಗಿಲ ಹೊರಗೆ ನಿಂತೆ. ಸವಿತನ ಮುಖ ಕಾಣುತ್ತಿರಲಿಲ್ಲ, ದನಿ ಕೇಳಿಸುತ್ತಿತ್ತು.

"ಹುಟ್ಟಿದಾಗ ಅತ್ತಿತಾ ಮಗು?"

"ಅತ್ತಿತು."

"ಸರಿಯಾಗಿ ನೆನಪಿದೆಯಾ?"

"ಅತ್ತಿತು ಕಣಮ್ಮ. ಜೋರಾಗೇ ಅತ್ತಿತು."

ಅವ್ವ ಬೆಂಚಿನಿಂದಲೇ ಹೇಳಿದಳು. "ಅವ್ಳಿಗೆ ಗ್ಯಾನ ಎಲ್ಲಿತ್ತು ಬುಡಿ. ಎಂಟ್ನೇ ತಿಂಗಳ ಕೂಸು, ಸತ್ತೇ ಉಟ್ಟಿರೋದು. ನಮ್ಮ ಅತ್ತೆಗೂ ಒಂದ್ ಇಂಗೇ ಆಗಿತ್ತು."

ಈಗ ಅರ್ಥವಾಗುತ್ತದೆ, ಅವ್ವ ಅದನ್ನು ಕ್ರೌರ್ಯದಿಂದ ಹೇಳಲಿಲ್ಲ. ಬುತ್ತಿ ಕೊಟ್ಟು ಕಳಿಸಿದವಳು ಅವಳೇ. ಸತ್ತೇ ಹುಟ್ಟಿತು ಎಂದಾದರೆ ಯಾರಿಂದಲೂ ಏನೂ ಆಗಲಿಲ್ಲ ಎಂದಾಗುತ್ತದೆ. ನರ್ಸಮ್ಮ ಬಾಗಿಲ ಕಡೆ ತಿರುಗಿ, "ಅಲ್ಲಿ ಬೇರೆ ಯಾರಿದ್ರು?" ಎಂದಳು.

ನನ್ನನ್ನೇ ಕೇಳಿದ್ದಲ್ಲ. ಉತ್ತರ ಕೊಟ್ಟದ್ದು ನಾನೇ.

"ಯಾರೂ ಇರ್ಲಿಲ್ಲ ಕಣಮ್ಮ. ನಾನು ಸೌದೆ ನೋಡಕ್ಕೆ ಆಚೆ ಓಗಿದ್ದೆ."

ಸವಿತ ಆಮೇಲೆ ಆ ದಿನ ಒಂದು ಮಾತೂ ಆಡಲಿಲ್ಲ. ಅವಳ ಮೌನಕ್ಕೆ ನಾನು ನನಗೆ ಬೇಕಾದ ಅರ್ಥ ಮಾಡಿಕೊಂಡೆ — ನಾನಿದ್ದದ್ದು ಅವಳಿಗೆ ಗೊತ್ತಿಲ್ಲ ಎಂದು.

ನಮ್ಮ ಕಡೆ ಅತ್ತು ಸತ್ತ ಮಗುವಿಗೆ ಮೂರನೆಯ ದಿನ ಮಣ್ಣಿನ ಮೇಲೆ ಹಾಲು ಬಿಡುತ್ತಾರೆ. ಅಳದೆ ಹುಟ್ಟಿದ್ದಕ್ಕೆ ಬಿಡುವುದಿಲ್ಲ. ಹೂತು ತಿರುಗಿ ನೋಡದೆ ಬರುತ್ತಾರೆ. ಮಾದೇವ ಹೊಲದ ಮೂಲೆಯಲ್ಲಿ ಹೂತು ಬಂದ. ಮೂರನೆಯ ದಿನ ಸವಿತ ಹಾಸಿಗೆಯಿಂದ ಎದ್ದು ಲೋಟದಲ್ಲಿ ಹಾಲು ಹಿಡಿದು ಹೊಸಿಲ ಹತ್ತಿರ ಬಂದಳು. ಅವ್ವ ಲೋಟ ಕಿತ್ತುಕೊಂಡಳು. "ಅಳ್ದಿದ್ದಕ್ಕೆ ಆಲು ಬುಟ್ರೆ ಮುಂದ್ಲುದ್ಕೂ ಕೇಡು ಕಣೆ." ನಾನು ಜಗಲಿಯ ಮೇಲೆ ಕೂತಿದ್ದೆ. ಎರಡು ಮಾರು ದೂರ. ಒಂದು ಮಾತು — ಅತ್ತಿತು ಅವ್ವ, ನಾನು ಕೇಳಿದೆ — ಸಾಕಿತ್ತು. ಆ ಹಾಲನ್ನು ಅವ್ವ ಬೆಕ್ಕಿನ ತಟ್ಟೆಗೆ ಸುರಿದಳು.

ಅತ್ತಿತು ಎನ್ನುವುದನ್ನು ಸವಿತ ಬಿಡಲಿಲ್ಲ. ಬಿಟ್ಟಿದ್ದರೆ ಅವಳಿಗೇ ಹಗುರವಾಗುತ್ತಿತ್ತು. ಸತ್ತೇ ಹುಟ್ಟಿತು ಎಂದು ಒಪ್ಪಿಕೊಂಡಿದ್ದರೆ, ಬದುಕಿದ್ದ ಮಗುವನ್ನು ಮಳೆಯಲ್ಲಿ ಎತ್ತಿಕೊಂಡು ಹೋದೆ ಎಂಬ ನೋವು ಅವಳಿಗೆ ಇರುತ್ತಿರಲಿಲ್ಲ. ಆ ನೋವನ್ನು ಹೊತ್ತುಕೊಂಡೇ ಅತ್ತಿತು ಎಂದಳು. ನಾನು ಎದುರಿನ ದಾರಿ ಹಿಡಿದೆ. ಮೂರು ಸಲ ಕಿವಿಯಾರೆ ಕೇಳಿದವನು, ಸತ್ತೇ ಹುಟ್ಟಿತು ಎನ್ನುವ ಮಾತಿನ ನೆರಳಿಗೆ ಹೋಗಿ ನಿಂತೆ. ಸತ್ತೇ ಹುಟ್ಟಿದ್ದರೆ ನನ್ನ ಮೌನದಿಂದ ಯಾರೂ ಸಾಯಲಿಲ್ಲವಲ್ಲ. ಒಂದೊಂದು ಸಲ ನಿಜಕ್ಕೂ ಹಾಗೇ ಇರಬೇಕು ಎನಿಸುತ್ತಿತ್ತು. ಅವಳು ಅತ್ತಿತು ಎಂದಾಗಲೆಲ್ಲ ನನಗೆ ಅವಳ ಮೇಲೆ ಕೋಪ ಬರುತ್ತಿತ್ತು. ಇದನ್ನೂ ಮುಚ್ಚಿಡುವುದಿಲ್ಲ.

ಊರಿನ ಹೆಂಗಸರು ಮೊದಮೊದಲು ಕನಿಕರಪಟ್ಟರು, ಆಮೇಲೆ ಅವಳು ಬರುವುದನ್ನು ಕಂಡರೆ ಮಾತು ನಿಲ್ಲಿಸಿದರು. ಗಾಳಿ ಸೋಕಿದೆ ಎಂದು ಅವ್ವ ತಾಯಿತ ಕಟ್ಟಿಸಿದಳು. ಮಾದೇವ ಒಳ್ಳೆಯವನು, ಹೊಡೆಯುವವನಲ್ಲ; "ನಾಕ್ ಜನದ್ ಮುಂದೆ ಆ ಮಾತು ಆಡ್ಬ್ಯಾಡ" ಎಂದು ಬೇಡಿಕೊಂಡ. ಅವಳು ಆಡುವುದನ್ನು ಕಡಿಮೆ ಮಾಡಿದಳು, ನಗುವುದನ್ನೂ. ಕರಿಯ ಸತ್ತಾಗ ಅದರ ಜಾಗಕ್ಕೆ ಬೇರೆ ನಾಯಿ ತರಲಿಲ್ಲ. ಅಲ್ಲಿಂದ ಅವಳು ಇಡುವ ತಟ್ಟೆ ನನ್ನ ಮುಂದೆ ಮಾತಿಲ್ಲದೆ ಬರತೊಡಗಿತು.

ಆ ಸಲದ ಸೊಪ್ಪು ಒಳ್ಳೆಯ ಹಳದಿ ಬಂತು. ನೋಡಿದವರೆಲ್ಲ ಹೊಗಳಿದರು.

ಒಂದು ವರ್ಷಕ್ಕೆ ಅವಳಿಗೆ ಮಗಳು ಹುಟ್ಟಿದಳು, ಹುಣಸೂರಿನಲ್ಲಿ, ಎಲ್ಲರೂ ಜೊತೆಗಿದ್ದಾಗ. ಅವ್ವ ಹೋದ ವರ್ಷ ತೀರಿಕೊಂಡಳು — ಸತ್ತೇ ಹುಟ್ಟಿತು ಎಂದು ನಂಬಿಕೊಂಡೇ ಹೋದಳು. ಅವಳಿಗೆ ನಿಜ ಹೇಳುವ ಅವಕಾಶ ನನಗೆ ಎಂಟು ವರ್ಷ ಇತ್ತು. ಅದು ಇನ್ನು ಆಗುವುದಿಲ್ಲ.

ಈ ಬೇಸಿಗೆಯಲ್ಲಿ ಶಾಲೆಯ ಮೇಷ್ಟ್ರು ಮನೆಗೆ ಬಂದು ಮಗುವಿನ ವಿವರ ಬರೆದುಕೊಳ್ಳುತ್ತಿದ್ದರು. "ಇವಳು ಎಷ್ಟನೇ ಮಗು?" ಎಂದು ಕೇಳಿದರು.

ಮಾದೇವ ಹೇಳಿದ, "ಒಬ್ಳೇ ಸಾ. ಮೊದಲ್ನೇದು."

ಒಳಗಿನಿಂದ ಸವಿತ ಹೇಳಿದಳು, "ಎರಡ್ನೇದು."

ಮೇಷ್ಟ್ರು ಪೆನ್ನು ಎತ್ತಿ ಇಬ್ಬರನ್ನೂ ನೋಡಿದರು. ಮಾದೇವ "ಒಂದು ಅಂತ ಬರ್ಕಳಿ ಸಾ" ಎಂದ. ಅವರು ಹೋದ ಮೇಲೆ ಮೊದಲ ಬಾರಿಗೆ ಅವನು ದನಿ ಎತ್ತಿದ. "ಇನ್ನೂ ಎಷ್ಟ್ ವರ್ಸ ಇದು? ಮಗೀಗೂ ಅರ್ಥ ಆಗೋ ವಯಸ್ಸಾಯ್ತು. ಅವ್ರವ್ವಂಗೆ ತಲೆ ಸರಿಯಿಲ್ಲ ಅಂತ ಸ್ಕೂಲಲ್ಲಿ ಆಡ್ಕಳ್ಳಿ ಅಂತ್ಲಾ?"

ಸವಿತ ಒಳಗಿನಿಂದ ಎದ್ದುಬಂದಳು. ಚೊಂಬು ಹಿಡಿದು ಕೊಟ್ಟಿಗೆಗೆ ಹಾಲು ಕರೆಯಲು ಹೋದಳು. ನಾನು ಕೊಟ್ಟಿಗೆಯ ಬಾಗಿಲಲ್ಲಿ ಹುಲ್ಲು ಹಿರಿಯುತ್ತಿದ್ದೆ. ಅವಳು ಹಸುವಿನ ಹೊಟ್ಟೆಗೆ ಹಣೆ ಆನಿಸಿ, ಹಸುವಿಗೆ ಹೇಳಿದಳು —

"ಆವತ್ತು ಒಲೆ ಬಾಗ್ಲು ಎರಡ್ ಸಲ ಸದ್ದಾಯ್ತು ಕಣೆ ಗೌರಿ. ಬ್ಯಾರನ್ನು ತನ್ ಪಾಡಿಗೆ ತಾನೇ ಸೌದೆ ಆಕ್ಕಂಡ್ ತಿಂತದಾ?"

ಹುಲ್ಲು ಕೈಯಲ್ಲೇ ಉಳಿಯಿತು. ಹಾಲು ಕರೆದು ಮುಗಿಯುವವರೆಗೂ ನಾನು ಕದಲಲಿಲ್ಲ. ಅವಳು ಚೊಂಬು ತೆಗೆದುಕೊಂಡು ನನ್ನ ಪಕ್ಕದಿಂದ ತಲೆ ತಗ್ಗಿಸಿ ಹಾದುಹೋದಳು, ಎಂದಿನಂತೆ.

ಅಂದರೆ ಅವಳಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ನಾನು "ಯಾರೂ ಇರ್ಲಿಲ್ಲ" ಎಂದಾಗ ಗೊತ್ತಿತ್ತು. ಲೋಟದ ಹಾಲು ಬೆಕ್ಕಿಗೆ ಹೋದಾಗ, ತಾಯಿತ ಕಟ್ಟುವಾಗ, ಪ್ರತಿ ದಿನ ನನ್ನ ಮುಂದೆ ತಟ್ಟೆ ಇಡುವಾಗ — ಗೊತ್ತಿತ್ತು.

ಇಷ್ಟಾದ ಮೇಲೂ ನಾನು ಹನ್ನೊಂದು ದಿನ ಸುಮ್ಮನಿದ್ದೆ. ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ಹನ್ನೆರಡನೆಯ ದಿನ ಬೆಳಿಗ್ಗೆ ಮಾದೇವ ಹೊಗೆಸೊಪ್ಪಿನ ಸಸಿಗೆ ನೀರು ಹಾಕಿ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ. ಸವಿತ ಅಕ್ಕಿ ಆರಿಸುತ್ತಾ ಪಡಸಾಲೆಯಲ್ಲಿ ಕೂತಿದ್ದಳು. ನನ್ನನ್ನು ಕಂಡು ಏಳಲು ಹೋದಳು.

"ಕೂತ್ಕವ್ವ," ಎಂದೆ. ಅವಳಿಗೇ. ಅವಳ ಮುಖ ನೋಡಿಕೊಂಡೇ.

ಮಾದೇವ ಚೊಂಬು ಕೆಳಗಿಟ್ಟ.

"ಮಾದೇವ, ಆ ಮಗು ಅತ್ತಿತು ಕಣ್ಲಾ."

"ಯಾವ್ ಮಗು?"

"ಮೊದಲ್ನೇದು. ನಾನಲ್ಲೇ ಇದ್ದೆ. ಒಲೆ ತಾವ. ಇವ್ಳು ಕರೆದ್ಲು, ನಾನು ಓಗೊಡ್ನಿಲ್ಲ. ಮೂರ್ ಸಲ ಅತ್ತಿತು. ಕೇಳ್ದೆ."

ಅವನು ನನ್ನನ್ನು ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ನನಗೆ ಸುಲಭವಾಗುತ್ತಿತ್ತೇನೋ. ಅವನು ನನ್ನನ್ನು ನೋಡಲೇ ಇಲ್ಲ. ಹೆಂಡತಿಯ ಕಡೆ ತಿರುಗಿದ.

"ಅಣ್ಣ ಅಲ್ಲೇ ಇದ್ದ ಅಂತ ನಂಗ್ಯಾಕೆ ಏಳ್ನಿಲ್ಲ ನೀನು?"

"ಏಳಿದ್ರೆ ನಂಬ್ತಿದ್ರಾ? ಮಗು ಅತ್ತಿದ್ದೇ ನಂಬ್ನಿಲ್ಲ."

ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತ. ಸವಿತ ಮೊರವನ್ನು ಪಕ್ಕಕ್ಕೆ ಇಟ್ಟಳು. ಆಮೇಲೆ ನನ್ನ ಜೊತೆ ಮಾತಾಡಿದಳು. ದನಿ ಎತ್ತಲಿಲ್ಲ.

"ನೀವು ಒಳಕ್ ಬರ್ಲಿ ಅಂತ ನಾ ಕರೀಲಿಲ್ಲ ಭಾವ. ಬರ್ಬಾರ್ದು ಅಂತ ನಂಗೂ ಗೊತ್ತಿತ್ತು. ಇವ್ನಿ ಕಣವ್ವ ಅಂತ ಒಂದ್ ಮಾತು ಆಚೆಯಿಂದ್ಲೇ ಅಂದಿದ್ರೆ ಸಾಕಾಗಿತ್ತು. ಬ್ಯಾರನ್ ಗ್ವಾಡೆ ಬೆಚ್ಚಗಿತ್ತು. ಮಗೀನ ಎದೆಗವುಚ್ಕಂಡು ಅಲ್ಲೇ ಒರಗಿ ಕೂತಿರ್ತಿದ್ದೆ, ನೀವು ಯಾರ್ನಾರ ಕರ್ಕಬರೋಗಂಟ. ನೀವಿದೀರಿ, ಆದ್ರೂ ಮಾತಾಡಕಿಲ್ಲ ಅಂತ ಗೊತ್ತಾದ್ ಮ್ಯಾಲೆ ಅಲ್ಲಿರಕ್ಕೆ ಭಯ ಆಯ್ತು. ಅದ್ಕೇ ಎದ್ದೆ."

ಒಂಬತ್ತು ವರ್ಷ ನಾನು ಸಂಪ್ರದಾಯದ ಹಿಂದೆ ಅಡಗಿದ್ದೆ. ಮುಖ ನೋಡಬಾರದು ಎಂದಿದೆ, ಮುಟ್ಟಬಾರದು ಎಂದಿದೆ. ಗೋಡೆಯ ಈಚೆಯಿಂದ ಒಂದು ಮಾತು ಆಡಬಾರದು ಎಂದು ಯಾರೂ ಹೇಳಿರಲಿಲ್ಲ. ನಾಯಿಯನ್ನೋ ಗೋಡೆಯನ್ನೋ ನೆಪ ಮಾಡಿಕೊಂಡು ಮಾತಾಡುವುದು ನಮಗೆ ದಿನದ ರೂಢಿ. ಆ ದಿನ ಆ ಗೋಡೆಗೇ ಹೇಳಬಹುದಿತ್ತು.

ಸವಿತ ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡು ಹೇಳಿದಳು.

"ಮೂರಲ್ಲ. ನಾಕು. ನಾಕ್ನೇದು ಹಳ್ಳ ದಾಟುವಾಗ."

ನಾನು ಅವಳನ್ನು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಕೊಡಬೇಕೋ ಬೇಡವೋ ಎನ್ನುವ ಭಾರವನ್ನೂ ಅವಳೇ ಹೊರಬೇಕಾಗುತ್ತಿತ್ತು. ಮಾದೇವ ಈಗ ನನ್ನ ಜೊತೆ ಮಾತಾಡುವುದಿಲ್ಲ. ಈ ಸಲದ ಬ್ಯಾರನ್ನಿಗೆ ಬೆಂಕಿ ಹಾಕಲು ಬೇರೆಯವರನ್ನು ಗೊತ್ತುಮಾಡಿದ್ದಾನೆ. ಅದು ಅವನ ನ್ಯಾಯ. ಮಗು ಸತ್ತೇ ಹುಟ್ಟಿತು, ತಾಯಿಗೆ ಭ್ರಮೆ ಎಂದು ನಂಬಿದ ಮನೆಗಳು ನಮ್ಮೂರಲ್ಲಿ ಎಷ್ಟಿವೆಯೋ ಅಷ್ಟಕ್ಕೂ ಹೋಗುತ್ತಿದ್ದೇನೆ. ಪುಟ್ಟಸ್ವಾಮಿಯ ಮನೆಗೆ ನಿನ್ನೆ ಹೋಗಿದ್ದೆ. ಮೇಷ್ಟ್ರ ಹತ್ತಿರ ನಾಳೆ. ಕೂರಿ ಎಂದರೂ ಕೂರುವುದಿಲ್ಲ. ಬಾಗಿಲಲ್ಲಿ ನಿಂತು ಹೇಳಿ ಬರುತ್ತೇನೆ — ನಾನಲ್ಲಿದ್ದೆ, ಅವಳು ಹೇಳಿದ್ದು ನಿಜ, ಮಗು ಬದುಕಿತ್ತು, ನಾಲ್ಕು ಸಲ ಅತ್ತಿತು. ಮೂರಕ್ಕೆ ನಾನು ಸಾಕ್ಷಿ. ನಾಲ್ಕನೆಯದಕ್ಕೆ ಅವಳೊಬ್ಬಳೇ.